ಮಿಡಿ ಕ್ಲಾಕ್ ಕೊಟ್ಟರೂ ಬಾಸ್ ಸಿಂತ್ ಹಿಂದೆ ಬೀಳುತ್ತಿದೆ, ಎಲ್ಲಿ ಹುಡುಕಲಿ?

ಮಿಶ್ರಚಾಪು_ಮೈಸೂರು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮೃದಂಗದವರೊಬ್ಬರ ಜೊತೆ ಒಂದು ಚಿಕ್ಕ ಕಾರ್ಯಕ್ರಮ ಇದೆ. ಅವರು ಮೃದಂಗ, ನಾನು ಸಿಂತ್ (ಸಿಂಥಸೈಸರ್, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ). ವೇದಿಕೆ ಮೇಲೆ ಲ್ಯಾಪ್‌ಟಾಪ್ ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಎಲ್ಲಾ ಹಾರ್ಡ್‌ವೇರ್‌ನಲ್ಲೇ ನಡೆಯಬೇಕು. ಆದರೆ ನನ್ನ ಮೂರು ಪೆಟ್ಟಿಗೆಗಳು ಒಂದೇ ಲಯದಲ್ಲಿ ನಿಲ್ಲುತ್ತಿಲ್ಲ.

ಜೋಡಣೆ ಹೀಗಿದೆ. ಎಲೆಕ್ಟ್ರಾನ್ ಡಿಜಿಟಾಕ್ಟ್ ಎಂಬ ಡ್ರಮ್ ಯಂತ್ರ ಮಾಸ್ಟರ್, ಅಂದರೆ ಉಳಿದವಕ್ಕೆ ಲಯ ಕೊಡುವುದು ಅದೇ. ಡ್ರಮ್ ಎಲ್ಲಾ ಅದರಲ್ಲೇ ಇದೆ. ಅದರ ಮಿಡಿ ಔಟ್‌ನಿಂದ (ಮಿಡಿ ಅಂದರೆ ವಾದ್ಯಗಳು ಒಂದಕ್ಕೊಂದು ಸಂದೇಶ ಕಳಿಸುವ ವ್ಯವಸ್ಥೆ) ಒಂದು ಕೇಬಲ್ ಪಾಲಿ ಸಿಂತ್‌ಗೆ, ಅಂದರೆ ಒಮ್ಮೆಗೆ ಹಲವು ಸ್ವರ ನುಡಿಸುವ ಸಿಂತ್‌ಗೆ, ಹೋಗುತ್ತದೆ. ಪಾಲಿಯ ಥ್ರೂನಿಂದ ಇನ್ನೊಂದು ಕೇಬಲ್ ಬಾಸ್ ಸಿಂತ್‌ಗೆ. ಪಾಲಿಗೆ ಡಿಜಿಟಾಕ್ಟ್ ನಾಲ್ಕು ಸ್ವರದ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು) ಕಳಿಸುತ್ತದೆ, ಪಾಲಿಯ ಆರ್ಪೆಜಿಯೇಟರ್ ಅದನ್ನು ಬಿಡಿಸಿ ನುಡಿಸುತ್ತದೆ. ಬಾಸ್ ಸಿಂತ್ ಹಳೆಯದು, ಸೆಕೆಂಡ್‌ಹ್ಯಾಂಡ್‌ನಲ್ಲಿ ತಗೊಂಡಿದ್ದು. ಅದಕ್ಕೆ ಅದರದ್ದೇ ಸೀಕ್ವೆನ್ಸರ್ (ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟ ಸ್ವರಗಳನ್ನು ತಾನಾಗಿ ನುಡಿಸುವ ಭಾಗ) ಇದೆ. ಸಿಂತ್‌ಗಳ ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ತೊಂದರೆ ಅವುಗಳಲ್ಲೇ ಇದೆ ಅಂತ ಇನ್ನೂ ಗೊತ್ತಿಲ್ಲ.

ತಾಳ ಮಿಶ್ರ ಚಾಪು (ಆವರ್ತಕ್ಕೆ 7 ಎಣಿಕೆ), ಟೆಂಪೋ 100 (ನಿಮಿಷಕ್ಕೆ 100 ಬೀಟ್). ಎರಡೂ ಸೀಕ್ವೆನ್ಸರ್‌ಗಳ ಉದ್ದ 14 ಹೆಜ್ಜೆ.

ಈಗ ತೊಂದರೆ ಹೇಳುತ್ತೇನೆ. ಪಾಲಿ ಸಿಂತ್ ಡ್ರಮ್‌ಗಿಂತ ಒಂಚೂರು ತಡವಾಗಿ ಕೇಳಿಸುತ್ತದೆ. ಶುರುವಿನಿಂದ ಕೊನೆವರೆಗೂ ಅಷ್ಟೇ ತಡ. ಬಾಸ್ ಶುರುವಿನಲ್ಲಿ ಚೆನ್ನಾಗಿಯೇ ಕೂಡುತ್ತದೆ. ಎರಡು ಮೂರು ನಿಮಿಷ ಕಳೆಯುವಷ್ಟರಲ್ಲಿ ಎಳೆದು ಎಳೆದು ನುಡಿಸಿದ ಹಾಗೆ ಆಗುತ್ತದೆ. ಮೃದಂಗದವರು ಅದನ್ನು ನನಗಿಂತ ಮೊದಲೇ ಹಿಡಿದರು. ಇನ್ನೊಂದು, ಮನೆಯಲ್ಲಿ ರೆಕಾರ್ಡ್ ಮಾಡುವಾಗ ಪಾಲಿಯನ್ನು ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪಿಗೆ ಹಾಕಿದರೆ ಆರ್ಪೆಜಿಯೋ ಒಮ್ಮೆ ಎರಡರಷ್ಟು ಓಡುತ್ತದೆ, ಒಮ್ಮೆ ತಡವರಿಸುತ್ತದೆ.

ಕೇಬಲ್ ಬದಲಿಸಿ ನೋಡಿದೆ, ಏನೂ ಬದಲಾಗಲಿಲ್ಲ. ಹೊಸ ಇಂಟರ್‌ಫೇಸ್ ತಗೋಬೇಕಾ? ಬಾಸ್ ಸಿಂತನ್ನೇ ಮಾರಬೇಕಾ? ಅದರ ಸ್ಲೈಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಮತ್ತು ಆಕ್ಸೆಂಟ್ (ಸ್ವರಕ್ಕೆ ಒತ್ತು) ನನಗೆ ತುಂಬಾ ಇಷ್ಟ, ಮಾರಲು ಮನಸ್ಸಿಲ್ಲ.


ಐದುಪಿನ್:

ಮಾರಬೇಡಿ. ಏನನ್ನೂ ಕೊಳ್ಳಲೂ ಬೇಡಿ, ಸ್ವಲ್ಪ ತಾಳಿ.

ನಾನು ಕೀಬೋರ್ಡ್ ರಿಪೇರಿ ಮಾಡುವವನು. ರಸಮಂಜರಿ ಆರ್ಕೆಸ್ಟ್ರಾದವರ ಕೀಬೋರ್ಡುಗಳು, ಹಳೇ ಸಿಂತ್‌ಗಳು ನನ್ನ ಬೆಂಚಿಗೆ ಬರುತ್ತವೆ. "ಸಿಂಕ್ ಆಗ್ತಿಲ್ಲ" ಅಂತ ಬಂದವರಿಗೆಲ್ಲ ನಾನು ಮೊದಲು ಕೇಳುವುದು ಒಂದೇ: ಹೇಗೆ ತಪ್ಪುತ್ತಿದೆ? ಯಾವಾಗಲೂ ಒಂದೇ ಅಳತೆಯಲ್ಲಿ ತಡವಾ? ಹೊತ್ತು ಹೋದಂತೆ ಅಂತರ ಬೆಳೆಯುತ್ತಾ? ಅಥವಾ ಹಿಂದೆ ಮುಂದೆ ಅಲುಗಾಡುತ್ತಾ? ಈ ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಇದನ್ನು ಬಿಡಿಸಿಕೊಳ್ಳದೆ ಕೇಬಲ್ ಬದಲಿಸುತ್ತಾ ಹೋದರೆ ದುಡ್ಡು ಖರ್ಚಾಗುತ್ತದೆ, ಅಷ್ಟೆ. ನಿಮ್ಮಲ್ಲಿ ಮೂರೂ ಒಟ್ಟಿಗೆ ಇವೆ. ಅದಕ್ಕೇ ಗೊಂದಲ.

ಮಿಡಿ ಕ್ಲಾಕ್ ಅಂದರೆ ಬಹಳ ಸರಳವಾದ ವಿಷಯ. ಮಾಸ್ಟರ್ ಒಂದು ಬೀಟ್‌ಗೆ 24 ಸಲ ಒಂದೇ ಒಂದು ಬೈಟ್ ಕಳಿಸುತ್ತದೆ. ಅದರಲ್ಲಿ ಟೆಂಪೋ ಎಷ್ಟು ಅಂತ ಬರೆದಿರುವುದಿಲ್ಲ. ಎಷ್ಟನೇ ಬೀಟ್ ಅಂತಲೂ ಇರುವುದಿಲ್ಲ. ಸುಮ್ನೆ "ಟಿಕ್" ಅಷ್ಟೇ. ಕೇಳುವ ಯಂತ್ರ ಆ ಟಿಕ್‌ಗಳನ್ನು ಎಣಿಸಿಕೊಂಡು ಹೋಗುತ್ತದೆ. 6 ಟಿಕ್ ಆದರೆ ಹದಿನಾರರ ಸ್ವರದ ಒಂದು ಹೆಜ್ಜೆ. 1983ರಿಂದ ಇವತ್ತಿನವರೆಗೂ ಇದು ಹೀಗೇ ಇದೆ.

ಇದರಿಂದ ಒಂದು ಮುಖ್ಯವಾದ ಮಾತು ಬರುತ್ತದೆ. ಎಲ್ಲಾ ಟಿಕ್‌ಗಳನ್ನೂ ಸರಿಯಾಗಿ ಎಣಿಸುವ ಯಂತ್ರ ಮಾಸ್ಟರ್‌ನಿಂದ ದೂರ ಹೋಗುವುದು ಸಾಧ್ಯವೇ ಇಲ್ಲ. ತಡವಾಗಬಹುದು, ಅಲುಗಾಡಬಹುದು. ಆದರೆ ಅಂತರ ಬೆಳೆಯಬಾರದು. ಬೆಳೆಯುತ್ತಿದೆ ಅಂದರೆ ಎರಡರಲ್ಲಿ ಒಂದು. ಅದು ಟಿಕ್ ಕೇಳುತ್ತಲೇ ಇಲ್ಲ, ತನ್ನ ಒಳಗಿನ ಗಡಿಯಾರದಲ್ಲಿ ಓಡುತ್ತಿದೆ. ಇಲ್ಲದಿದ್ದರೆ ದಾರಿಯಲ್ಲಿ ಟಿಕ್ ಕಳೆದುಹೋಗುತ್ತಿವೆ, ಅಥವಾ ಹೆಚ್ಚಿಗೆ ಸೇರಿಕೊಳ್ಳುತ್ತಿವೆ.

ಇವೆರಡನ್ನು ಕಿವಿಯಲ್ಲಿ ಬೇರೆ ಮಾಡುವುದು ಕಷ್ಟ. ಕಣ್ಣಲ್ಲಿ ಸುಲಭ. ಹೀಗೆ ಮಾಡಿ. ಡಿಜಿಟಾಕ್ಟ್‌ನಲ್ಲಿ ಪ್ರತಿ ಆವರ್ತದ ಸಮಕ್ಕೆ (ತಾಳದ ಮೊದಲ ಎಣಿಕೆಗೆ) ಒಂದು ರಿಮ್‌ಶಾಟ್ ಇಡಿ. ಬಾಸ್ ಸಿಂತ್‌ನಲ್ಲೂ ಸಮಕ್ಕೆ ಒಂದು ಚಿಕ್ಕ ಚುರುಕಾದ ಸ್ವರ ಇಡಿ, ಅಟ್ಯಾಕ್ (ಸದ್ದು ಮೇಲೇರಲು ಹಿಡಿಯುವ ಹೊತ್ತು) ಸೊನ್ನೆ, ಫಿಲ್ಟರ್ ಪೂರ್ತಿ ತೆರೆದಿರಲಿ. ಎರಡನ್ನೂ ಒಂದೇ ರೆಕಾರ್ಡರ್‌ನ ಎಡ ಮತ್ತು ಬಲ ಚಾನೆಲ್‌ಗೆ ಕೊಟ್ಟು ಐದು ನಿಮಿಷ ಓಡಿಸಿ. ಆಮೇಲೆ ಅಲೆಗಳನ್ನು ದೊಡ್ಡದು ಮಾಡಿ ಅಂತರ ಅಳೆಯಿರಿ. 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದರೆ 48 ಸ್ಯಾಂಪಲ್‌ಗೆ 1 ಮಿಲಿಸೆಕೆಂಡ್, ಲೆಕ್ಕ ಸುಲಭ.

ಈಗ ಗಮನಿಸಿ. ಬಾಸ್ ತನ್ನ ಗಡಿಯಾರದಲ್ಲೇ ಓಡುತ್ತಿದ್ದರೆ ಅಂತರ ನಯವಾಗಿ ಬೆಳೆಯುತ್ತದೆ. ಎರಡೂ ಪರದೆಯಲ್ಲಿ 100 ಅಂತಲೇ ಕಾಣಬಹುದು, ಒಳಗೆ ಒಂದು 100, ಇನ್ನೊಂದು 99.9 ಇರಬಹುದು. ಆ 0.1 ಸಾಕು, ಒಂದು ನಿಮಿಷಕ್ಕೆ 60 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ಪ್ರತಿ ಸೆಕೆಂಡಿಗೆ 1 ಮಿಲಿಸೆಕೆಂಡ್, ಸಮನಾಗಿ. ಟಿಕ್ ಕಳೆದುಹೋಗುತ್ತಿದ್ದರೆ ಹಾಗಲ್ಲ. ಟೆಂಪೋ 100ರಲ್ಲಿ ಒಂದು ಬೀಟ್ 600 ಮಿಲಿಸೆಕೆಂಡ್, ಒಂದು ಟಿಕ್ 25 ಮಿಲಿಸೆಕೆಂಡ್. ಒಂದು ಟಿಕ್ ಹೋದರೆ ಬಾಸ್ ಒಮ್ಮೆಲೇ 25 ಮಿಲಿಸೆಕೆಂಡ್ ಹಿಂದಕ್ಕೆ ಹಾರುತ್ತದೆ, ಅಲ್ಲೇ ನಿಲ್ಲುತ್ತದೆ, ಮುಂದಿನದು ಹೋದಾಗ ಇನ್ನೊಂದು 25. ಮೆಟ್ಟಿಲಿನ ಹಾಗೆ ಕಾಣಿಸುತ್ತದೆ.

ರೆಕಾರ್ಡ್ ಮಾಡುವ ಮುಂಚೆ ಇನ್ನೊಂದು ಚಿಕ್ಕ ಪರೀಕ್ಷೆ. ಓಡುತ್ತಿರುವಾಗಲೇ ಡಿಜಿಟಾಕ್ಟ್ ಟೆಂಪೋವನ್ನು 100ರಿಂದ 70ಕ್ಕೆ ಇಳಿಸಿ. ಬಾಸ್ ಕೂಡ ಇಳಿದರೆ ಅದು ಮಾತು ಕೇಳುತ್ತಿದೆ ಅಂತ ಅರ್ಥ. ಇಳಿಯದಿದ್ದರೆ ಬಾಸ್‌ನ ಕ್ಲಾಕ್ ಸೋರ್ಸ್ ಸೆಟ್ಟಿಂಗ್ ನೋಡಿ, ಇಂಟರ್ನಲ್‌ನಲ್ಲಿ ಇರುತ್ತದೆ. ಡಿಜಿಟಾಕ್ಟ್ ಕಡೆ ಮಿಡಿ ಕಾನ್ಫಿಗ್ ಒಳಗಿನ ಸಿಂಕ್ ಪುಟದಲ್ಲಿ ಕ್ಲಾಕ್ ಸೆಂಡ್ ಮತ್ತು ಟ್ರಾನ್ಸ್‌ಪೋರ್ಟ್ ಸೆಂಡ್ (ಸ್ಟಾರ್ಟ್, ಸ್ಟಾಪ್ ಸಂದೇಶ ಕಳಿಸುವುದು) ಎರಡೂ ಆನ್ ಇರಬೇಕು. ಇವೆರಡು ಬೇರೆ ಬೇರೆ. ಕ್ಲಾಕ್ ಆಫ್ ಇದ್ದು ಟ್ರಾನ್ಸ್‌ಪೋರ್ಟ್ ಮಾತ್ರ ಆನ್ ಇದ್ದರೆ, ಸ್ಟಾರ್ಟ್ ಬಂದ ಕೂಡಲೇ ತನ್ನ ಟೆಂಪೋದಲ್ಲಿ ಹೊರಡುವ ಯಂತ್ರಗಳೂ ಇವೆ. ಆಗ ಎಲ್ಲಾ ಸರಿಯಾಗಿ ಶುರುವಾದಂತೆ ಕಂಡು ಆಮೇಲೆ ಬಿಟ್ಟುಹೋಗುತ್ತದೆ.

ಯುಎಸ್‌ಬಿ ತೊಂದರೆ ಸುಲಭದ್ದು. ನಿಮ್ಮ ರೆಕಾರ್ಡಿಂಗ್ ಸಾಫ್ಟ್‌ವೇರ್ ಯುಎಸ್‌ಬಿ ಮೂಲಕ ಪಾಲಿಗೆ ತನ್ನ ಕ್ಲಾಕ್ ಕಳಿಸುತ್ತಿದೆ. ಡಿಜಿಟಾಕ್ಟ್ ಕ್ಲಾಕ್ ಐದು ಪಿನ್‌ನ ಮಿಡಿ ಕೇಬಲ್‌ನಲ್ಲಿ ಬರುತ್ತಿದೆ. ಎರಡೂ ಸೇರಿದರೆ ಬೀಟ್‌ಗೆ 48 ಟಿಕ್, ಎರಡರಷ್ಟು ಓಟ. ಸಾಫ್ಟ್‌ವೇರ್‌ನ ಮಿಡಿ ಸೆಟ್ಟಿಂಗ್‌ನಲ್ಲಿ ಆ ಪೋರ್ಟ್‌ಗೆ ಕ್ಲಾಕ್ ಕಳಿಸುವುದನ್ನು ನಿಲ್ಲಿಸಿ. ಪಾಲಿಯ ಕ್ಲಾಕ್ ಸೋರ್ಸ್ "ಆಟೋ" ಇದ್ದರೆ ತೆಗೆದು ಐದು ಪಿನ್ ಮಿಡಿಗೆ ಮಾತ್ರ ಇಡಿ. ಒಂದು ಜೋಡಣೆಯಲ್ಲಿ ಕ್ಲಾಕ್ ಕಳಿಸುವವರು ಒಬ್ಬರೇ ಇರಬೇಕು.

ಅಳತೆ ತಂದು ಹಾಕಿ, ಮುಂದೆ ನೋಡೋಣ.


ಹದಿನಾರು_ಹೆಜ್ಜೆ:

ಇದನ್ನು ಓದುವ ಬೇರೆಯವರಿಗೆ ಉಪಯೋಗ ಆಗಲಿ ಅಂತ ಒಂದು ಮಾತು. ಚಿಕ್ಕ 3.5 ಎಂಎಂ ಮಿಡಿ ಜ್ಯಾಕ್ ಇರುವ ಯಂತ್ರಗಳಲ್ಲಿ ಎರಡು ಜಾತಿ ಇವೆ, ಟೈಪ್ ಎ ಮತ್ತು ಟೈಪ್ ಬಿ. ತುದಿ ಮತ್ತು ಉಂಗುರದ ತಂತಿಗಳು ಅದಲು ಬದಲು. 2018ರಲ್ಲಿ ಟೈಪ್ ಎ ಅನ್ನು ಅಧಿಕೃತ ಮಾಡಿದರು, ಆದರೆ ಅದಕ್ಕೂ ಮುಂಚಿನ ಟೈಪ್ ಬಿ ಯಂತ್ರಗಳು ಈಗಲೂ ಬಳಕೆಯಲ್ಲಿವೆ. ತಪ್ಪು ಅಡಾಪ್ಟರ್ ಹಾಕಿದರೆ ಕ್ಲಾಕ್ ತಡವಾಗುವುದಿಲ್ಲ, ಬರುವುದೇ ಇಲ್ಲ. ಪೂರ್ತಿ ಮೌನ ಇದ್ದರೆ ಮೊದಲು ಅಡಾಪ್ಟರ್ ನೋಡಿ.

ಹಾಗೇ ಮಿಡಿ ಕ್ಲಾಕ್ ಬೇರೆ, ಚಿಕ್ಕ ಜ್ಯಾಕ್‌ನಲ್ಲಿ ಬರುವ ಅನಲಾಗ್ ಸಿಂಕ್ ಬೇರೆ. ಕೋರ್ಗ್ ವೋಲ್ಕಾಗಳು ಬೀಟ್‌ಗೆ 2 ಪಲ್ಸ್ ಲೆಕ್ಕದಲ್ಲಿ ನಡೆಯುತ್ತವೆ. ರೋಲ್ಯಾಂಡ್ ಟಿಆರ್-808 ಕಾಲದ ಡಿನ್ ಸಿಂಕ್‌ನಲ್ಲಿ ಬೀಟ್‌ಗೆ 24. ಅದರ ಪ್ಲಗ್ ನೋಡಲು ಮಿಡಿ ಪ್ಲಗ್ ತರಹವೇ ಇದ್ದರೂ ಒಳಗಿನ ಸಂಕೇತ ಪೂರ್ತಿ ಬೇರೆ. ಎರಡರಷ್ಟು, ಅರ್ಧದಷ್ಟು ವೇಗ ಕಂಡರೆ ಈ ಸಂಖ್ಯೆ ಹೊಂದುತ್ತಿದೆಯಾ ಅಂತ ನೋಡಬೇಕು.


ಮಿಶ್ರಚಾಪು_ಮೈಸೂರು:

ಐದುಪಿನ್ ಸರ್, ನೀವು ಹೇಳಿದಂತೆ ಮಾಡಿದೆ.

ಟೆಂಪೋ 70ಕ್ಕೆ ಇಳಿಸಿದಾಗ ಬಾಸ್ ಕೂಡ ಇಳಿಯಿತು. ಹಾಗಾಗಿ ಅದು ಕ್ಲಾಕ್ ಕೇಳುತ್ತಿದೆ. ಯುಎಸ್‌ಬಿ ಕ್ಲಾಕ್ ನಿಲ್ಲಿಸಿದ ಮೇಲೆ ಆರ್ಪೆಜಿಯೋ ಸರಿಹೋಯಿತು.

ಬಾಸ್ ಅಳತೆ ಹೀಗಿದೆ. ಶುರುವಿನಲ್ಲಿ ಅಂತರ 4 ಮಿಲಿಸೆಕೆಂಡ್. ಸುಮಾರು ಒಂದು ನಿಮಿಷದವರೆಗೂ 4, ಕೆಲವೊಮ್ಮೆ 5. ಆಮೇಲೆ ಒಂದೇ ಆವರ್ತದ ಒಳಗೆ 29 ಆಯಿತು. ತುಂಬಾ ಹೊತ್ತು 29ರಲ್ಲೇ ಇತ್ತು. ಆಮೇಲೆ 54. ಕೊನೆಗೆ 79. ನೀವು ಹೇಳಿದ ಮೆಟ್ಟಿಲು ಪರದೆ ಮೇಲೆ ಕಂಡಿತು.

ಇನ್ನೊಂದು ವಿಷಯ ಗಮನಿಸಿದೆ. ಅಂತರ ಹಾರುವ ಜಾಗಗಳೆಲ್ಲ ಪಲ್ಲವಿಯ ಹಾಗೆ ತಿರುಗಿ ಬರುವ ಒಂದೇ ಭಾಗದಲ್ಲಿ ಇವೆ. ಆ ಭಾಗದಲ್ಲಿ ಡಿಜಿಟಾಕ್ಟ್‌ನ ಮಿಡಿ ಟ್ರ್ಯಾಕಿನ ಎಲ್‌ಎಫ್‌ಒ (ಒಂದು ಸೆಟ್ಟಿಂಗನ್ನು ತಾನಾಗಿ ಏರಿಳಿಸುತ್ತಿರುವ ಅಲೆ) ಪಾಲಿಯ ಫಿಲ್ಟರನ್ನು ವೇಗವಾಗಿ ಅಲುಗಾಡಿಸುತ್ತದೆ. ಅದು ಪಾಲಿಯ ಚಾನೆಲ್, ಬಾಸ್ ಚಾನೆಲ್ ಬೇರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಪಾಲಿಯ ತಡ ಸುಮಾರು 7 ಮಿಲಿಸೆಕೆಂಡ್. ಅದು ಬದಲಾಗುವುದಿಲ್ಲ.


ಐದುಪಿನ್:

ಸಂಬಂಧ ಇದೆ, ಅದೇ ಕಾರಣ. ಆ ಹಾರುವ ಜಾಗಗಳನ್ನು ನೀವು ಗುರುತಿಸಿದ್ದರಿಂದ ಅರ್ಧ ಕೆಲಸ ಮುಗಿಯಿತು.

ಚಾನೆಲ್ ಬೇರೆ ಆದರೂ ತಂತಿ ಒಂದೇ. ಥ್ರೂ ಅಂದರೆ ಇನ್‌ಗೆ ಬಂದಿದ್ದನ್ನೆಲ್ಲ ಹಾಗೇ ಮುಂದಕ್ಕೆ ಕೊಡುವುದು. ಪಾಲಿಗೆ ಬರೆದ ಪ್ರತಿಯೊಂದು ಸಂದೇಶವೂ ಬಾಸ್ ಬಾಗಿಲಿಗೂ ಬರುತ್ತದೆ. ಬಾಸ್ ಅದನ್ನು ಓದಬೇಕು, "ಇದು ನನ್ನ ಚಾನೆಲ್ ಅಲ್ಲ" ಅಂತ ತಿಳಿದು ಬಿಡಬೇಕು. ಓದದೆ ಬಿಡಲು ಆಗುವುದಿಲ್ಲ.

ಲೆಕ್ಕ ನೋಡಿ. ಮಿಡಿ ತಂತಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಬೈಟ್‌ಗೆ ಶುರು ಮತ್ತು ಕೊನೆಯ ಬಿಟ್ ಸೇರಿ 10 ಬಿಟ್. ಅಂದರೆ ಸೆಕೆಂಡಿಗೆ 3,125 ಬೈಟ್, ಒಂದು ಬೈಟ್‌ಗೆ 0.32 ಮಿಲಿಸೆಕೆಂಡ್. ಟೆಂಪೋ 100ರಲ್ಲಿ ಕ್ಲಾಕ್‌ಗೆ ಬೇಕಾಗಿರುವುದು ಸೆಕೆಂಡಿಗೆ ಬರೀ 40 ಬೈಟ್. ಕ್ಲಾಕ್ ತಂತಿಯನ್ನು ತುಂಬಿಸುವುದೇ ಇಲ್ಲ. ತುಂಬಿಸುವುದು ಕಂಟ್ರೋಲ್ ಸಂದೇಶಗಳು, ಅಂದರೆ ಫಿಲ್ಟರ್‌ನಂಥ ಸೆಟ್ಟಿಂಗ್ ಬದಲಿಸುವ ಸಂದೇಶಗಳು. ಒಂದೊಂದಕ್ಕೆ 3 ಬೈಟ್, ಎಲ್‌ಎಫ್‌ಒ ವೇಗವಾದಷ್ಟೂ ಸಂದೇಶ ಜಾಸ್ತಿ. ಸಾವಿರ ಸಂದೇಶ ಆಗುವಷ್ಟರಲ್ಲಿ ಆ ಸೆಕೆಂಡಿನ ತಂತಿ ಹೆಚ್ಚುಕಡಿಮೆ ಭರ್ತಿ.

ಮಿಡಿ ರಚಿಸಿದವರು ಇದನ್ನು ಯೋಚಿಸಿದ್ದರು. ಕ್ಲಾಕ್ ಬೈಟ್‌ಗೆ ವಿಶೇಷ ಹಕ್ಕು ಇದೆ, ಬೇರೆ ಸಂದೇಶದ ಎರಡು ಬೈಟ್‌ಗಳ ನಡುವೆಯೂ ಅದು ನುಗ್ಗಬಹುದು. ಹಾಗಾಗಿ ಕಳಿಸುವ ಕಡೆ ಕ್ಲಾಕ್ ಅಷ್ಟಾಗಿ ತಡವಾಗುವುದಿಲ್ಲ. ಆದರೆ ತೆಗೆದುಕೊಳ್ಳುವ ಕಡೆ ಹಳೇ ಪ್ರೊಸೆಸರ್ ಇದ್ದರೆ ಕಥೆ ಬೇರೆ. ಅದು ಸ್ವರ ನುಡಿಸಬೇಕು, ಗುಂಡಿಗಳನ್ನು ನೋಡಬೇಕು, ದೀಪ ಉರಿಸಬೇಕು, ಅದರ ಜೊತೆಗೆ 0.32 ಮಿಲಿಸೆಕೆಂಡಿಗೊಮ್ಮೆ ಬರುವ ಬೈಟ್ ಎತ್ತಿಕೊಳ್ಳಬೇಕು. ಒಂದನ್ನು ಎತ್ತುವಷ್ಟರಲ್ಲಿ ಮುಂದಿನದು ಬಂದರೆ ಒಂದು ಹೋಯಿತು. ಹೋದದ್ದು ಬೇರೆ ಚಾನೆಲ್ ಸಂದೇಶದ ಬೈಟ್ ಆದರೆ ನಿಮಗೆ ಗೊತ್ತೇ ಆಗುವುದಿಲ್ಲ. ಅದು ಕ್ಲಾಕ್ ಆದರೆ 25 ಮಿಲಿಸೆಕೆಂಡ್.

ಖಚಿತ ಮಾಡಿಕೊಳ್ಳಲು ಆ ಎಲ್‌ಎಫ್‌ಒ ಆಳವನ್ನು ಸೊನ್ನೆ ಮಾಡಿ ಮತ್ತೆ ಐದು ನಿಮಿಷ ರೆಕಾರ್ಡ್ ಮಾಡಿ. ಅಂತರ 4ರಲ್ಲೇ ನಿಂತರೆ ವಿಷಯ ಮುಗಿಯಿತು. ಆಗಲೂ ಹಾರಿದರೆ ಬಾಸನ್ನು ನೇರವಾಗಿ ಡಿಜಿಟಾಕ್ಟ್ ಔಟ್‌ಗೆ ಹಾಕಿ ನೋಡಿ. ನೇರವಾಗಿ ಸರಿ ಇದ್ದು ಥ್ರೂನಿಂದ ತಪ್ಪಿದರೆ ಪಾಲಿಯ ಥ್ರೂ ಅಥವಾ ಮಿಡಿ ಇನ್‌ನ ಆಪ್ಟೋಕಪ್ಲರ್ (ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ) ಅಲೆಯ ಆಕಾರ ಕೆಡಿಸುತ್ತಿದೆ ಅಂತ ಅರ್ಥ. ಆಪ್ಟೋಕಪ್ಲರ್ ದೊಡ್ಡ ರಿಪೇರಿ ಅಲ್ಲ.

ಪರಿಹಾರ ಹೇಳುವ ಮುಂಚೆ ಒಂದು ಎಚ್ಚರಿಕೆ. "ಥ್ರೂ ಬಾಕ್ಸ್ ತಗೊಳ್ಳಿ" ಅಂತ ಅಂಗಡಿಯಲ್ಲಿ ಹೇಳಬಹುದು. ಉದ್ದದ ಸರಪಳಿಗೆ ಅದು ಒಳ್ಳೆಯದೇ, ನಾನೂ ಕೊಡುತ್ತೇನೆ. ಆದರೆ ನಿಮ್ಮ ಈ ತೊಂದರೆಗೆ ಅದು ಮದ್ದಲ್ಲ. ಥ್ರೂ ಬಾಕ್ಸ್ ಅದೇ ತುಂಬಿದ ತಂತಿಯನ್ನು ನಕಲು ಮಾಡಿ ಕೊಡುತ್ತದೆ. ಬಾಸ್‌ಗೆ ಬರುವ ಬೈಟ್ ಒಂದೂ ಕಡಿಮೆ ಆಗುವುದಿಲ್ಲ.

ಪಾಲಿ ಸಿಂತ್‌ಗೆ ಅದರದ್ದೇ ಎಲ್‌ಎಫ್‌ಒ ಇರುತ್ತದೆ ಅಲ್ವಾ? ಫಿಲ್ಟರ್ ಅಲುಗಾಡಿಸುವ ಕೆಲಸ ಅದಕ್ಕೆ ಕೊಡಿ, ಕ್ಲಾಕ್‌ಗೆ ಸಿಂಕ್ ಮಾಡಿ. ತಂತಿಯಲ್ಲಿ ಒಂದು ಬೈಟೂ ಹೋಗದೆ ಅದೇ ಸದ್ದು ಸಿಗುತ್ತದೆ. ಸದ್ದು ಇನ್ನೂ ನಯವಾಗಿರುತ್ತದೆ, ಯಾಕಂದ್ರೆ ಕಂಟ್ರೋಲ್ ಸಂದೇಶಕ್ಕೆ 128 ಮೆಟ್ಟಿಲು ಮಾತ್ರ. ಅದು ಆಗದಿದ್ದರೆ ಚಾನೆಲ್ ಸಂದೇಶ ತಡೆದು ಕ್ಲಾಕ್ ಮಾತ್ರ ಬಿಡುವ ಮಿಡಿ ಫಿಲ್ಟರ್ ಪೆಟ್ಟಿಗೆಯನ್ನು ಬಾಸ್ ಮುಂದೆ ಹಾಕಬಹುದು. ಬಾಸ್ ಸ್ವರಗಳನ್ನು ಡಿಜಿಟಾಕ್ಟ್‌ನಿಂದಲೇ ಕಳಿಸಿದರೆ ಕ್ಲಾಕ್ ಬೇಕಾಗುವುದೇ ಇಲ್ಲ, ಆದರೆ ನಿಮ್ಮ ಪ್ರೀತಿಯ ಸ್ಲೈಡ್ ಅಲ್ಲಿ ಹಾಗೇ ಬರುವುದಿಲ್ಲ. ಆ ಸ್ಲೈಡ್ ಉಳಿಸಿಕೊಳ್ಳಿ ಅಂತ ನನ್ನ ಆಸೆ.

ಇನ್ನು ಪಾಲಿಯ 7 ಮಿಲಿಸೆಕೆಂಡ್. ಡ್ರಮ್ ಡಿಜಿಟಾಕ್ಟ್ ಒಳಗೇ ಹುಟ್ಟುತ್ತದೆ, ತಂತಿ ದಾಟಬೇಕಾಗಿಲ್ಲ. ನಾಲ್ಕು ಸ್ವರದ ಕಾರ್ಡ್ ದಾಟಲು 12 ಬೈಟ್, ಹತ್ತಿರ ಹತ್ತಿರ 4 ಮಿಲಿಸೆಕೆಂಡ್. ಉಳಿದದ್ದು ಸಿಂತ್ ಯೋಚಿಸುವ ಹೊತ್ತು. ಮೊದಲು ಅಟ್ಯಾಕ್ ನಿಜವಾಗಿಯೂ ಸೊನ್ನೆಯಲ್ಲಿದೆಯಾ ನೋಡಿ. ಆಮೇಲೆ ಡಿಜಿಟಾಕ್ಟ್‌ನ ಮೈಕ್ರೋ ಟೈಮಿಂಗ್ (ಸ್ವರವನ್ನು ಒಂಚೂರು ಹಿಂದೆ ಮುಂದೆ ಸರಿಸುವ ಸೌಲಭ್ಯ) ಬಳಸಿ. ಅದರ ಒಂದು ಹೆಜ್ಜೆ ಅಂದರೆ ಪೂರ್ತಿ ಸ್ವರದ 384ನೇ ಒಂದು ಭಾಗ. ಟೆಂಪೋ 100ರಲ್ಲಿ ಅದು 6.25 ಮಿಲಿಸೆಕೆಂಡ್. ಆರ್ಪೆಜಿಯೋದ ಹೆಜ್ಜೆಗಳು ಕ್ಲಾಕ್ ಹಿಡಿದು ನಡೆಯುವುದರಿಂದ ಅವು ಇದರಿಂದ ಸರಿಯುವುದಿಲ್ಲ. ಆರ್ಪೆಜಿಯೋ ಆಫ್ ಮಾಡಿ ಬರೀ ಕಾರ್ಡ್ ಹೊಡೆಯುವ ಕಡೆ ಒಂದು ಹೆಜ್ಜೆ ಮುಂದೆ ತನ್ನಿ, ಸಾಕು. ಆರ್ಪೆಜಿಯೋದಲ್ಲಿ 7 ಮಿಲಿಸೆಕೆಂಡನ್ನು ಹಾಗೇ ಬಿಡಿ. ಸುಮಾರು ಎರಡೂವರೆ ಮೀಟರ್ ದೂರದ ಸ್ಪೀಕರ್‌ನಿಂದ ಸದ್ದು ಬರಲು ಅಷ್ಟು ಹೊತ್ತು ಹೇಗೂ ಬೇಕು.


ಲೂಪ್‌ಮನೆ:

ಮಿಶ್ರ ಚಾಪು ಅಂದಿದ್ದಕ್ಕೆ ಬಂದೆ. ನಾನೂ 7, 5ರ ತಾಳಗಳನ್ನು ಯಂತ್ರದಲ್ಲಿ ಹಾಕುತ್ತೇನೆ. ಐದುಪಿನ್ ಅವರು ಹೇಳಿದ ಒಂದು ಮಾತನ್ನು ಮುಂದುವರಿಸುತ್ತೇನೆ: ಟಿಕ್‌ನಲ್ಲಿ ಎಷ್ಟನೇ ಬೀಟ್ ಅಂತ ಇರುವುದಿಲ್ಲ. ಅಂದರೆ ಸಮ ಎಲ್ಲಿದೆ ಅಂತ ಕ್ಲಾಕ್‌ಗೆ ಗೊತ್ತಿಲ್ಲ. ಸಮ ಗೊತ್ತಾಗುವುದು ಸ್ಟಾರ್ಟ್ ಸಂದೇಶದಿಂದ ಮಾತ್ರ. ಸ್ಟಾರ್ಟ್ ಆದ ಮೇಲೆ ಬರುವ ಮೊದಲ ಟಿಕ್ ಸಮ. ಅಲ್ಲಿಂದ ಮುಂದೆ ಪ್ರತಿ ಯಂತ್ರವೂ ತನ್ನ ಪಾಡಿಗೆ ಎಣಿಸುತ್ತದೆ.

ಹಾಗಾಗಿ ವೇದಿಕೆ ಮೇಲೆ ಪಾಸ್ ಒತ್ತಬೇಡಿ. ಪಾಸ್ ಆಗಿ ಮತ್ತೆ ಹೊರಟಾಗ ಹೋಗುವುದು ಸ್ಟಾರ್ಟ್ ಅಲ್ಲ, ಕಂಟಿನ್ಯೂ. ಸಾಂಗ್ ಪೊಸಿಷನ್ ಪಾಯಿಂಟರ್ ಅಂತ ಇನ್ನೊಂದು ಸಂದೇಶ ಇದೆ. ಶುರುವಿನಿಂದ ಎಷ್ಟನೇ ಹದಿನಾರರ ಹೆಜ್ಜೆ ಅಂತ ಅದು ಹೇಳುತ್ತದೆ. ಆದರೆ ಎಷ್ಟೋ ಚಿಕ್ಕ ಸಿಂತ್‌ಗಳು ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಆಗ ಡ್ರಮ್ ತಾಳದ ಮಧ್ಯದಿಂದ ಹೊರಡುತ್ತದೆ, ಬಾಸ್ ಸಮದಿಂದ. ಪೂರ್ತಿ ನಿಲ್ಲಿಸಿ ಸಮದಿಂದಲೇ ಶುರು ಮಾಡುವುದು ಸುರಕ್ಷಿತ.

ಇನ್ನೊಂದು. ಪ್ಯಾಟರ್ನ್ ಬದಲಿಸುವಾಗ ಬಾಸ್‌ನ ಉದ್ದ 14 ಇರುವುದು ತಪ್ಪಿ 16 ಆಗಿದ್ದರೆ ಅದು ಸಿಂಕ್ ತೊಂದರೆ ಹಾಗೇ ಕೇಳಿಸುತ್ತದೆ. 14 ಮತ್ತು 16 ಮತ್ತೆ ಒಟ್ಟಿಗೆ ಸಮಕ್ಕೆ ಬರುವುದು 112 ಹೆಜ್ಜೆಗೆ, ಅಂದರೆ ಮಿಶ್ರ ಚಾಪುವಿನ 8 ಆವರ್ತಕ್ಕೆ. ನಿಮ್ಮ ಟೆಂಪೋದಲ್ಲಿ ಅದು 16.8 ಸೆಕೆಂಡ್. ಹೀಗೆ ಆಗಾಗ ತಾನಾಗಿಯೇ ಕೂಡಿಕೊಂಡು ಮತ್ತೆ ಬಿಟ್ಟುಹೋದರೆ ಪ್ಯಾಟರ್ನ್ ಉದ್ದ ನೋಡಿ. ಟಿಕ್ ಕಳೆದ ಬಾಸ್ ಹಾಗೆ ತಾನಾಗಿ ಬಂದು ಕೂಡುವುದಿಲ್ಲ.

ಶುರುವಿನಿಂದಲೇ ಸರಿಯಾಗಿ ಒಂದು ಟಿಕ್‌ನಷ್ಟು, ನಿಮ್ಮ ಲೆಕ್ಕದಲ್ಲಿ 25 ಮಿಲಿಸೆಕೆಂಡ್, ತಡ ಇದ್ದು ಅದು ಬದಲಾಗದಿದ್ದರೆ ಇನ್ನೊಂದು ಕಾರಣ ಇದೆ. ಸ್ಟಾರ್ಟ್‌ಗೂ ಮೊದಲ ಟಿಕ್‌ಗೂ ನಡುವೆ ಕನಿಷ್ಠ 1 ಮಿಲಿಸೆಕೆಂಡ್ ಬಿಡಬೇಕು ಅಂತ ಮಿಡಿ ನಿಯಮ ಸಲಹೆ ಕೊಡುತ್ತದೆ. ಕೆಲವು ಮಾಸ್ಟರ್‌ಗಳು ಬಿಡುವುದಿಲ್ಲ, ಕೆಲವು ಹಳೇ ಸಿಂತ್‌ಗಳು ಆಗ ಆ ಮೊದಲ ಟಿಕ್ ಕಳೆದುಕೊಳ್ಳುತ್ತವೆ. ನಿಮಗೆ ಶುರುವಿನಲ್ಲಿ 4 ಬಂದಿರುವುದರಿಂದ ಆ ಚಿಂತೆ ಇಲ್ಲ.


ಮಿಶ್ರಚಾಪು_ಮೈಸೂರು:

ಎಲ್‌ಎಫ್‌ಒ ಸೊನ್ನೆ ಮಾಡಿ ರೆಕಾರ್ಡ್ ಮಾಡಿದೆ. ಕೊನೆವರೆಗೂ 4, 5. ಒಂದು ಸಲವೂ ಹಾರಲಿಲ್ಲ. ಎಲ್‌ಎಫ್‌ಒ ಮತ್ತೆ ಆನ್ ಮಾಡಿದರೆ ಮೆಟ್ಟಿಲು ವಾಪಸ್ ಬಂತು. ಈಗ ಫಿಲ್ಟರ್ ಕೆಲಸ ಪಾಲಿಯ ಎಲ್‌ಎಫ್‌ಒಗೆ ಕೊಟ್ಟಿದ್ದೇನೆ, ಸದ್ದು ನಿಜವಾಗಿಯೂ ನಯವಾಗಿದೆ. ನಿನ್ನೆ ಮೃದಂಗದವರ ಜೊತೆ ಅರ್ಧ ಗಂಟೆ ನಿಲ್ಲಿಸದೆ ನುಡಿಸಿದೆವು. ಬಾಸ್ ಅಲ್ಲಾಡಲಿಲ್ಲ.

ಒಂದೇ ಪ್ರಶ್ನೆ ಉಳಿದಿದೆ. ತನಿ ಆವರ್ತನ (ಮೃದಂಗದವರು ಒಬ್ಬರೇ ನುಡಿಸುವ ಭಾಗ) ಮುಗಿದು ನಾವು ಮತ್ತೆ ಸೇರುವಾಗ ಅವರ ಕಾಲಪ್ರಮಾಣ ಒಂಚೂರು ಏರಿರುತ್ತದೆ. ಯಂತ್ರವನ್ನು ಅವರಿಗೆ ಹೊಂದಿಸುವುದು ಹೇಗೆ?


ಐದುಪಿನ್:

ತುಂಬಾ ಸಂತೋಷ ಆಯಿತು.

ತನಿ ನಡೆಯುವಾಗ ಡಿಜಿಟಾಕ್ಟ್ ನಿಲ್ಲಿಸಿಬಿಡಿ. ಅವರ ಕೊನೆಯ ಆವರ್ತಗಳಿಗೆ ಟ್ಯಾಪ್ ಟೆಂಪೋ ಹಾಕಿ, ಅಂದರೆ ಬೀಟ್‌ಗೆ ಸರಿಯಾಗಿ ಗುಂಡಿ ತಟ್ಟಿ ವೇಗ ಹಿಡಿಸಿ. ಅರುದಿ (ಮುಕ್ತಾಯದ ನುಡಿಸಾಣಿಕೆ) ಮುಗಿದು ಸಮ ಬಿದ್ದಾಗ ಪ್ಲೇ ಒತ್ತಿ, ಹೊಸ ಸ್ಟಾರ್ಟ್ ಹೋಗುತ್ತದೆ, ಲೂಪ್‌ಮನೆ ಹೇಳಿದಂತೆ ಬಾಸ್ ಕೂಡ ಸಮದಿಂದಲೇ ಹೊರಡುತ್ತದೆ. ಓಡುತ್ತಿರುವಾಗ ಟೆಂಪೋ ತಿರುಗಿಸಬೇಕಾದರೆ ಮೆಲ್ಲಗೆ ತಿರುಗಿಸಿ. ಕೆಲವು ಸಿಂತ್‌ಗಳು ಹಿಂದಿನ ಹಲವು ಟಿಕ್‌ಗಳ ಸರಾಸರಿ ನೋಡಿ ನಡೆಯುತ್ತವೆ, ಒಮ್ಮೆಲೇ ಬದಲಿಸಿದರೆ ಸ್ವಲ್ಪ ಹೊತ್ತು ತಡವರಿಸುತ್ತವೆ. ಕ್ಲಾಕ್‌ಗೆ ಸಿಂಕ್ ಆದ ಡಿಲೇ ಇದ್ದರೆ ಅದರ ಶ್ರುತಿ ಕೂಡ ಜಾರುತ್ತದೆ. ಆ ಜಾಗದಲ್ಲಿ ಡಿಲೇ ಕಡಿಮೆ ಮಾಡಿ ಇಡಿ.

ಮೃದಂಗದವರ ಕಿವಿಗೆ ಕ್ಲಿಕ್ ಕೊಡುವುದಾದರೆ ಡಿಜಿಟಾಕ್ಟ್ ಆಡಿಯೋದಿಂದಲೇ ಕೊಡಿ. ಪಾಲಿಯಿಂದಾಗಲಿ ಬಾಸ್‌ನಿಂದಾಗಲಿ ಬೇಡ.